ಗಡ್ಡೆ ಕೊಲ್ಲುವ ವೈರಸ್: ಯಾವ ಕ್ಯಾನ್ಸರ್‌ಗೆ, ಯಾವ ಹಂತದಲ್ಲಿ, ಯಾವುದರ ಬದಲು?

ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕ ಬಿದ್ದರೆ ಎನ್‌ಪಿವಿ ಎಂಬ ಹುಳ ಕೊಲ್ಲುವ ವೈರಸ್ ಹೊಡೆಯುವುದು ರಾಯಚೂರು, ಕೊಪ್ಪಳದ ರೈತರಿಗೆ ಹೊಸದೇನಲ್ಲ. ಹೆಕ್ಟೇರಿಗೆ 250 ಎಲ್‌ಇ (ವೈರಸ್ ತಗಲಿದ ಹುಳಗಳ ಲೆಕ್ಕದ ಅಳತೆ), ಜೊತೆಗೆ ಒಂದಿಷ್ಟು ಬೆಲ್ಲ, ಬಿಸಿಲು ಇಳಿದ ಮೇಲೆ ಸಿಂಪಡಣೆ. ಹುಳ ಎಲೆಯ ಜೊತೆ ವೈರಸ್ಸನ್ನೂ ತಿಂದು, ಕೆಲವೇ ದಿನಗಳಲ್ಲಿ ಮೈ ಕರಗಿ, ತಲೆಕೆಳಗಾಗಿ ಜೋತುಬಿದ್ದು ಸಾಯುತ್ತದೆ. ಸತ್ತ ಹುಳದಿಂದ ಸೋರಿದ ರಸದಲ್ಲಿ ಇನ್ನಷ್ಟು ವೈರಸ್ ಇರುತ್ತದೆ, ಅದು ಪಕ್ಕದ ಹುಳಕ್ಕೆ ತಗಲುತ್ತದೆ. ಗಿಡಕ್ಕಾಗಲಿ ದನಕ್ಕಾಗಲಿ ಏನೂ ಆಗುವುದಿಲ್ಲ.

ಕ್ಯಾನ್ಸರ್ ಗಡ್ಡೆಯೊಳಗೆ ವೈರಸ್ ಬಿಡುವ ಚಿಕಿತ್ಸೆಯ ಹಿಂದಿರುವ ಆಸೆಯೂ ಇಂಥದ್ದೇ. ಆದರೆ ಕಾಯಿಕೊರಕ ಬೇರೆ ಜೀವಿ, ಗಡ್ಡೆ ನಮ್ಮದೇ ಮೈಯ ಜೀವಕೋಶ. ಆ ವ್ಯತ್ಯಾಸದಿಂದಲೇ ಈ ಚಿಕಿತ್ಸೆ ಇನ್ನೂ ಕೆಲವೇ ಕ್ಯಾನ್ಸರ್‌ಗಳಿಗೆ, ಕೆಲವೇ ದೇಶಗಳಲ್ಲಿ ನಿಂತಿದೆ. ಮೊಬೈಲಿನಲ್ಲಿ ವಿಡಿಯೊ ನೋಡಿ "ಕೀಮೊ ಬೇಡ, ಕರೆಂಟ್ (ವಿಕಿರಣ) ಬೇಡ, ಆ ವೈರಸ್ ಇಂಜೆಕ್ಷನ್ ಎಲ್ಲಿ ಸಿಗುತ್ತದೆ ಹೇಳಿ" ಎಂದು ಕೇಳುವ ಮನೆಯವರಿಗಾಗಿ ಈ ಮಾರ್ಗದರ್ಶಿ. ನಮ್ಮ ನಿಲುವನ್ನು ಮೊದಲೇ ಹೇಳುತ್ತೇವೆ. ಬಳ್ಳಾರಿ, ರಾಯಚೂರು, ಕೊಪ್ಪಳದ ರೋಗಿಗೆ ಇವತ್ತು ವೈರಸ್ ಚಿಕಿತ್ಸೆ ಎಂದರೆ, ಗುಣವಾಗುವ ದಾರಿಗಳೆಲ್ಲ ಮುಗಿದ ಮೇಲೆ, ನೋಂದಾಯಿತ ಪ್ರಯೋಗವೊಂದರಲ್ಲಿ, ಪುಕ್ಕಟೆಯಾಗಿ ಸಿಗಬೇಕಾದ ವಸ್ತು. ಮುಂಗಡ ದುಡ್ಡು ಕೇಳಿ, ಆಪರೇಷನ್ ಮುಂದೂಡಿಸಿ ಕೊಡುವುದನ್ನು ಬಿಟ್ಟುಬಿಡಿ.

ವೈರಸ್ ಒಳಗೆ ಹೋಗಿ ಮಾಡುವುದೇನು

ಆರೋಗ್ಯವಂತ ಜೀವಕೋಶಕ್ಕೆ ವೈರಸ್ ಹೊಕ್ಕರೆ ಅದು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ರಸ ಬಿಡುತ್ತದೆ, ತನ್ನೊಳಗಿನ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸಿಬಿಡುತ್ತದೆ. ಕಚ್ಚಾ ಮಾಲು ಸಿಗದ ವೈರಸ್ ಅಲ್ಲಿಗೇ ನಿಲ್ಲುತ್ತದೆ. ಬಹಳಷ್ಟು ಕ್ಯಾನ್ಸರ್ ಕೋಶಗಳು ಬೇಗಬೇಗ ಬೆಳೆಯುವ ಭರದಲ್ಲಿ ಈ ಕಾವಲನ್ನು ಕಳೆದುಕೊಂಡಿರುತ್ತವೆ. ಅಲ್ಲಿ ವೈರಸ್ ಸಾವಿರಾರು ಪಟ್ಟು ಹೆಚ್ಚಿ ಕೋಶವನ್ನು ಒಡೆಯುತ್ತದೆ. ಒಡೆದ ಕೋಶದ ಚೂರುಗಳನ್ನು ಮೈಯ ರೋಗನಿರೋಧಕ ಪಡೆ ನೋಡಿ ಗುರುತು ಹಿಡಿಯುತ್ತದೆ, ಸೂಜಿ ತಾಗದ ಗಡ್ಡೆಗಳನ್ನೂ ಹುಡುಕಲು ಕಲಿಯುತ್ತದೆ. ಈ ಎರಡನೇ ಕೆಲಸವೇ ಮುಖ್ಯ. ಬರೀ ಒಡೆಯುವುದಷ್ಟೇ ಆಗಿದ್ದರೆ ಚಾಕುವಿನಿಂದ ಕತ್ತರಿಸಿ ತೆಗೆಯುವುದೇ ಸುಲಭ.

ಅಮೆರಿಕದಲ್ಲಿ 2015ರ ಅಕ್ಟೋಬರಿನಲ್ಲಿ ಅನುಮತಿ ಪಡೆದ ಟಿ-ವೆಕ್ ಔಷಧಿಯ ರಚನೆ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸೇ ಅದರ ಮೂಲ. ನರಕೋಶಕ್ಕೆ ಹಾನಿ ಮಾಡುವ ಐಸಿಪಿ34.5 ಎಂಬ ಜೀನನ್ನು ಅದರಿಂದ ಕಿತ್ತಿದ್ದಾರೆ; ಅದಿಲ್ಲದೆ ಆರೋಗ್ಯವಂತ ಕೋಶದ ಕಾವಲನ್ನು ಮುರಿಯಲು ವೈರಸ್‌ಗೆ ಆಗುವುದಿಲ್ಲ. ಸೋಂಕಾದ ಕೋಶವನ್ನು ರೋಗನಿರೋಧಕ ಪಡೆಯ ಕಣ್ಣಿಂದ ಮರೆಮಾಚುತ್ತಿದ್ದ ಐಸಿಪಿ47 ಜೀನನ್ನೂ ತೆಗೆದಿದ್ದಾರೆ. ಆ ಪಡೆಯನ್ನು ಗಡ್ಡೆಯ ಹತ್ತಿರ ಕರೆಯುವ ಜಿಎಂ-ಸಿಎಸ್‌ಎಫ್ ಎಂಬ ಪ್ರೋಟೀನಿನ ಜೀನನ್ನು ಸೇರಿಸಿದ್ದಾರೆ.

ಇದನ್ನು ಗ್ಲೂಕೋಸಿನ ಹಾಗೆ ರಕ್ತನಾಳಕ್ಕೆ ಏಕೆ ಏರಿಸುವುದಿಲ್ಲ ಎಂದು ಬಹಳ ಜನ ಕೇಳುತ್ತಾರೆ. ರಕ್ತದಲ್ಲಿ ಹಳೆಯ ಸೋಂಕುಗಳ ಪ್ರತಿಕಾಯಗಳು, ಅಂದರೆ ವೈರಸ್ಸನ್ನು ಹಿಡಿದು ಕೆಡಿಸುವ ಪ್ರೋಟೀನುಗಳು, ಕಾಯುತ್ತಿರುತ್ತವೆ. ಲಿವರ್ ಕೂಡ ವೈರಸ್ಸನ್ನು ಸೋಸಿ ತೆಗೆಯುತ್ತದೆ, ಗಡ್ಡೆ ಮುಟ್ಟುವ ಮೊದಲೇ ಬಹುಪಾಲು ಖರ್ಚಾಗಿಬಿಡುತ್ತದೆ. 2014ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು ದಡಾರದ ವೈರಸ್ಸನ್ನು ರಕ್ತನಾಳದ ಮೂಲಕವೇ ಕೊಟ್ಟು ಮೈಲೋಮ ಎಂಬ ಮೂಳೆಮಜ್ಜೆಯ ಕ್ಯಾನ್ಸರಿನ ಇಬ್ಬರು ರೋಗಿಗಳ ವಿವರ ಪ್ರಕಟಿಸಿದರು. ಕೊಟ್ಟದ್ದು ಒಂದು ಕೋಟಿ ಜನಕ್ಕೆ ಲಸಿಕೆ ಹಾಕುವಷ್ಟು ವೈರಸ್. ಒಬ್ಬರಿಗೆ ರೋಗ ತಿಂಗಳುಗಟ್ಟಲೆ ಮಾಯವಾಯಿತು, ಇನ್ನೊಬ್ಬರಿಗೆ ಅಂಥ ಫಲ ಸಿಗಲಿಲ್ಲ. ದಡಾರದ ಪ್ರತಿಕಾಯ ಮೈಯಲ್ಲಿ ಇಲ್ಲದಂಥ ರೋಗಿಗಳನ್ನೇ ಆರಿಸಿದ್ದರು. ನಮ್ಮಲ್ಲಿ ಚಿಕ್ಕಂದಿನಲ್ಲಿ ದಡಾರ ಬಂದವರು, ಇಲ್ಲವೇ ಅಂಗನವಾಡಿಯಲ್ಲಿ ಲಸಿಕೆ ಹಾಕಿಸಿಕೊಂಡವರೇ ಎಲ್ಲ. ಆದ್ದರಿಂದ ಈಗ ಅನುಮತಿ ಇರುವ, ಕೋಶ ಒಡೆಯುವ ವೈರಸ್‌ಗಳೆಲ್ಲ ಸೂಜಿಯಿಂದ ಗಡ್ಡೆಯೊಳಗೇ ಕೊಡುವಂಥವು.

"ವೈರಸ್ ಚಿಕಿತ್ಸೆ" ಎಂಬ ಒಂದೇ ಚೀಟಿ, ಒಳಗೆ ಬೇರೆ ಬೇರೆ ಮಾಲು

ಯಾರಾದರೂ ಈ ಮಾತು ಎತ್ತಿದರೆ ಮೊದಲು ಕೇಳಬೇಕಾದದ್ದು: ನೀವು ಹೇಳುತ್ತಿರುವುದು ಕೋಶದೊಳಗೆ ಹೆಚ್ಚಿ ಅದನ್ನು ಒಡೆಯುವ ವೈರಸ್ಸೋ, ಬರೀ ಜೀನ್ ಹೊತ್ತು ತರುವ ವೈರಸ್ಸೋ?

ಒಡೆಯುವ ಜಾತಿಯವು ಬೆರಳೆಣಿಕೆಯಷ್ಟು. ಚೀನಾ 2005ರಲ್ಲಿ ಎಚ್101 ಎಂಬ ಅಡಿನೊವೈರಸ್‌ಗೆ ಒಪ್ಪಿಗೆ ಕೊಟ್ಟಿತು. ಮೂಗಿನ ಹಿಂಭಾಗದ ಗಂಟಲಿನ ಕ್ಯಾನ್ಸರ್‌ಗೆ, ಕೀಮೊ ಜೊತೆಗೆ. ನಂತರ ಬಂದದ್ದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ಗೆ ಟಿ-ವೆಕ್. ಜಪಾನ್ 2021ರ ಜೂನಿನಲ್ಲಿ ಗ್ಲಯೋಮಾ ಎಂಬ ಮಿದುಳಿನ ಗಡ್ಡೆಗೆ ಡೆಲಿಟ್ಯಾಕ್ಟ್ ಎಂಬುದಕ್ಕೆ ಷರತ್ತಿನ, ಅವಧಿ ನಿಗದಿಯ ಅನುಮತಿ ಕೊಟ್ಟಿತು. ಲಾಟ್ವಿಯಾದಲ್ಲಿ 2004ರಲ್ಲಿ ನೋಂದಣಿಯಾಗಿದ್ದ ರಿಗ್ವಿರ್ ಎಂಬ ಔಷಧಿಯ ಹೆಸರೂ ಅಲ್ಲಲ್ಲಿ ಕಿವಿಗೆ ಬೀಳುತ್ತದೆ. ಶೀಷೆಯಲ್ಲಿ ಹೇಳಿದಷ್ಟು ವೈರಸ್ ಇಲ್ಲ ಎಂದು ಗೊತ್ತಾಗಿ 2019ರಲ್ಲಿ ಅದರ ಸರಬರಾಜು ನಿಂತಿತು. ಇವುಗಳಲ್ಲಿ ಯಾವುದಕ್ಕೂ ಭಾರತದಲ್ಲಿ ಮಾರಾಟದ ಅನುಮತಿ ಇಲ್ಲ. "ನಮ್ಮ ಆಸ್ಪತ್ರೆಯಲ್ಲಿ ಸ್ಟಾಕ್ ಇದೆ" ಎಂಬ ಮಾತು ಕೇಳಿದೊಡನೆ ಎಚ್ಚರವಾಗಬೇಕಾದದ್ದು ಇದಕ್ಕೇ.

ಹೊತ್ತು ತರುವ ಜಾತಿಯವು ಬೇರೆ. 2022ರ ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿದ ಆಡ್‌ಸ್ಟಿಲಾಡ್ರಿನ್ ಮೂತ್ರಚೀಲದ ಕ್ಯಾನ್ಸರ್‌ಗೆ. ಅದರ ಅಡಿನೊವೈರಸ್ ಹೆಚ್ಚುವುದೇ ಇಲ್ಲ, ಇಂಟರ್‌ಫೆರಾನ್ ಜೀನನ್ನು ಇಳಿಸಿ ಸುಮ್ಮನಾಗುತ್ತದೆ. ಭಾರತದಲ್ಲೇ ತಯಾರಾಗುವ ಕಾರ್-ಟಿ ಚಿಕಿತ್ಸೆಯಲ್ಲೂ ವೈರಸ್ ಇದೆ. ಐಐಟಿ ಬಾಂಬೆ ಮತ್ತು ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ ಸೇರಿ ಬೆಳೆಸಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ಅಲ್ಲಿ ರೋಗಿಯ ಟಿ-ಕೋಶಗಳನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ಲೆಂಟಿವೈರಸ್ ಮೂಲಕ ಹೊಸ ಜೀನ್ ಸೇರಿಸಿ, ಮತ್ತೆ ಮೈಗೆ ಏರಿಸುತ್ತಾರೆ. ಅದು ಬಿ-ಕೋಶದ ರಕ್ತ ಕ್ಯಾನ್ಸರ್ ಮತ್ತು ಲಿಂಫೋಮಾಗಳಿಗೆ ಮಾತ್ರ. ಬಾಯಿ, ಸ್ತನ, ಗರ್ಭಕಂಠದ ಗಡ್ಡೆಗಳಿಗೆ ಅದನ್ನು ಕೇಳಿಕೊಂಡು ಅಲೆದರೆ ದಿನವೂ ದುಡ್ಡೂ ವ್ಯರ್ಥ.

ಬಾಯಿ ಕ್ಯಾನ್ಸರ್: ನಮ್ಮ ಕಡೆ ಹೆಚ್ಚಾಗಿ ಬರುವ ಪ್ರಶ್ನೆ

ಗುಟ್ಕಾ, ತಂಬಾಕು-ಸುಣ್ಣ ಇಡುವ ಕೆನ್ನೆಯ ಒಳಮೈಯಲ್ಲಿ, ವಸಡಿನಲ್ಲಿ, ನಾಲಿಗೆಯ ಅಂಚಿನಲ್ಲಿ ಎದ್ದ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ ಮೊದಲ ಕೆಲಸ ಬಯಾಪ್ಸಿ, ಅಂದರೆ ತುಣುಕು ತೆಗೆದು ಪರೀಕ್ಷಿಸುವುದು. ವಿಮ್ಸ್ ಎಂದೇ ಜನರ ಬಾಯಲ್ಲಿರುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಇಷ್ಟು ಹತ್ತಿರದಲ್ಲೇ ಆ ಕೆಲಸ ಆಗುತ್ತದೆ.

ಗಡ್ಡೆ ತೆಗೆಯಲು ಬರುವಂತಿದ್ದರೆ ಹೋಲಿಕೆಯ ಮಾತೇ ಬೇಡ. ಆಪರೇಷನ್ ಮಾಡಿ, ಕತ್ತಿನ ಗ್ರಂಥಿಗಳನ್ನೂ ತೆಗೆಯುವುದೇ ಗುಣದ ದಾರಿ. ಆಮೇಲೆ ಅಗತ್ಯವಿದ್ದವರಿಗೆ ಆರು ವಾರದೊಳಗೆ ವಿಕಿರಣ, ಅಂದರೆ ಜನ ಹೇಳುವ ಕರೆಂಟ್, ಶುರುವಾಗಬೇಕು. ಸಾಮಾನ್ಯವಾಗಿ 30 ಸಿಟ್ಟಿಂಗ್‌ಗಳಲ್ಲಿ 60 ಗ್ರೇ (ವಿಕಿರಣದ ಅಳತೆ), ವಾರಕ್ಕೆ ಐದು ದಿನದಂತೆ ಆರು ವಾರ. ಗಡ್ಡೆಯ ಅಂಚು ಉಳಿದಿದ್ದರೆ ಅಥವಾ ಗ್ರಂಥಿಯ ಗೋಡೆ ಒಡೆದು ಹೊರಗೆ ಬಂದಿದ್ದರೆ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಕೀಮೊ ಮದ್ದು ಸೇರುತ್ತದೆ. ಕಿಡ್ನಿ ಅಥವಾ ಕಿವಿಯ ತೊಂದರೆಯಿಂದ ಸಿಸ್‌ಪ್ಲಾಟಿನ್ ತಡೆಯಲಾಗದವರಿಗೆ ವಾರಕ್ಕೊಮ್ಮೆ ಕಡಿಮೆ ಪ್ರಮಾಣದ ಡೋಸಿಟ್ಯಾಕ್ಸೆಲ್ ಕೊಡಬಹುದು ಎಂದು ಟಾಟಾ ಮೆಮೋರಿಯಲ್‌ನ ಅಧ್ಯಯನ ತೋರಿಸಿದೆ.

ಈ ದಾರಿ ಕೆಡುವುದು ಮದ್ದಿನಿಂದಲ್ಲ, ನಡುವೆ ಬಿಡುವುದರಿಂದ. ಮೂರನೇ ವಾರಕ್ಕೆ ಬಾಯಿಯೆಲ್ಲ ಹುಣ್ಣಾಗುತ್ತದೆ, ರೊಟ್ಟಿ ಹೋಗಲಿ ಗಂಜಿಯೂ ಇಳಿಯುವುದಿಲ್ಲ, ತೂಕ ಬೀಳುತ್ತದೆ. ಆಗ "ಊರಿಗೆ ಹೋಗಿ ಸುಧಾರಿಸಿಕೊಂಡು ಬರುತ್ತೇವೆ" ಎಂದು ಹೊರಡುತ್ತಾರೆ. ಭತ್ತದ ಕೊಯ್ಲು ಬಂದರೆ ಇನ್ನೊಂದು ವಾರ. ಒಂದೊಂದು ದಿನ ತಪ್ಪಿದಾಗಲೂ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ನೂರಕ್ಕೆ ಒಂದರಷ್ಟು ಇಳಿಯುತ್ತದೆ. ಆದ್ದರಿಂದ ಕರೆಂಟ್ ಶುರುವಾಗುವ ಮೊದಲೇ ಹಾಳಾದ ಹಲ್ಲು ತೆಗೆಸಿ, ಗಾಯ ಮಾಯಲು ಹತ್ತು-ಹದಿನಾಲ್ಕು ದಿನ ಕೊಡಿ. ಊಟಕ್ಕೆ ಮೂಗಿನ ನಳಿಗೆ ಹಾಕಬೇಕಾಗಬಹುದು ಎಂಬುದನ್ನು ಮನೆಯವರೆಲ್ಲ ಮೊದಲೇ ಒಪ್ಪಿಕೊಳ್ಳಿ. ಆರು ವಾರ ಉಳಿಯುವ ಜಾಗ ನೋಡಿಟ್ಟುಕೊಳ್ಳಿ. ವೈರಸ್ ಹುಡುಕಿಕೊಂಡು ಎರಡು ತಿಂಗಳು ಅಲೆದು ಬಂದವರ ಗಡ್ಡೆ ದವಡೆಯ ಮೂಳೆ ಹಿಡಿದಿರುತ್ತದೆ, ಆಗ ಆಪರೇಷನ್ನಿನ ಮಾತೇ ಬೇರೆಯಾಗುತ್ತದೆ.

ರೋಗ ಮರಳಿ ಬಂದು, ಆಪರೇಷನ್ನಿಗೂ ಕರೆಂಟಿಗೂ ಜಾಗವಿಲ್ಲದಾಗ ನಿಜವಾದ ಹೋಲಿಕೆ ಶುರು. ಆಗ ಮೂರು ದಾರಿ.

ಒಂದನೆಯದು, ನಮ್ಮ ದೇಶದಲ್ಲೇ ಪರೀಕ್ಷೆಯಾದ ಕಡಿಮೆ ಪ್ರಮಾಣದ ಇಮ್ಯುನೊಥೆರಪಿ, ಅಂದರೆ ಮೈಯ ರೋಗನಿರೋಧಕ ಪಡೆಯನ್ನು ಎಬ್ಬಿಸುವ ಮದ್ದು. ಟಾಟಾ ಮೆಮೋರಿಯಲ್‌ನವರು 151 ರೋಗಿಗಳಲ್ಲಿ, ಮನೆಯಲ್ಲೇ ನುಂಗುವ ಮೂರು ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಮದ್ದನ್ನು 20 ಮಿ.ಗ್ರಾಂ. ಕೊಟ್ಟು ನೋಡಿದರು. ಆ ಮಾತ್ರೆಗಳು ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಕ್ಕೆ ಎರಡು ಸಲ ಸೆಲೆಕಾಕ್ಸಿಬ್ 200 ಮಿ.ಗ್ರಾಂ., ದಿನಕ್ಕೊಂದು ಎರ್ಲೊಟಿನಿಬ್ 150 ಮಿ.ಗ್ರಾಂ. ಬರೀ ಮಾತ್ರೆ ತೆಗೆದುಕೊಂಡವರಲ್ಲಿ ಒಂದು ವರ್ಷ ಬದುಕಿದವರು ಶೇ 16.3, ನಿವೊಲುಮ್ಯಾಬ್ ಸೇರಿಸಿದವರಲ್ಲಿ ಶೇ 43.4. ಪೂರ್ಣ ಪ್ರಮಾಣ ಎಂದರೆ ಎರಡು ವಾರಕ್ಕೊಮ್ಮೆ 240 ಮಿ.ಗ್ರಾಂ.; ಇಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ, ಖರ್ಚೂ ಅಷ್ಟೇ ಇಳಿಯುತ್ತದೆ. ಶೀಷೆ 40 ಮಿ.ಗ್ರಾಂ.ದ್ದೂ ಸಿಗುವುದರಿಂದ ಇಬ್ಬರು ರೋಗಿಗಳಿಗೆ ಒಂದೇ ದಿನ ದಿನಾಂಕ ಕೊಟ್ಟು ಹಂಚಲು ಬರುತ್ತದೆಯೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ದಿನಾ ನುಂಗಿದರೆ ರಕ್ತಕಣಗಳು ಬಿದ್ದು ಪ್ರಾಣಕ್ಕೇ ಕುತ್ತು. ಕ್ಯಾಲೆಂಡರಿನಲ್ಲಿ ಅದನ್ನು ನುಂಗುವ ದಿನಕ್ಕೆ ಮಾತ್ರ ಸುತ್ತು ಹಾಕಿಡಿ.

ಎರಡನೆಯದು ವೈರಸ್. ಚೀನಾದ ಎಚ್101ನ ಮೂರನೇ ಹಂತದ ಪ್ರಯೋಗದಲ್ಲಿ ಕೀಮೊ ಜೊತೆ ವೈರಸ್ ಸೇರಿಸಿದವರಲ್ಲಿ ಶೇ 78.8 ಜನರ ಗಡ್ಡೆ ಕುಗ್ಗಿತು, ಬರೀ ಕೀಮೊದಲ್ಲಿ ಶೇ 39.6. ಐದು ದಿನ ದಿನಕ್ಕೊಮ್ಮೆ ಗಡ್ಡೆಗೆ ಚುಚ್ಚಿ, ಮೂರು ವಾರಕ್ಕೊಮ್ಮೆ ಆ ಸುತ್ತನ್ನು ಮರಳಿ ಮಾಡುವ ಕ್ರಮ. ಈ ಅಂಕಿಯನ್ನು ಹಿಡಿದು ಮಾರುವವರು ಒಂದು ಮಾತು ನುಂಗುತ್ತಾರೆ: ಅಲ್ಲಿ ಅಳೆದದ್ದು ಗಡ್ಡೆಯ ಅಳತೆ, ಆಯಸ್ಸಲ್ಲ. ಮೇಲಿನ ಟಾಟಾ ಅಧ್ಯಯನ ಅಳೆದದ್ದು ಆಯಸ್ಸು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಮೂರನೆಯದು ನೋವು ಇಳಿಸುವ ಆರೈಕೆ: ಮಾರ್ಫಿನ್ ಮಾತ್ರೆ, ಗಾಯದ ಡ್ರೆಸ್ಸಿಂಗ್, ನಳಿಗೆಯ ಊಟ. ಇದನ್ನು ಸೋಲು ಎಂದು ಭಾವಿಸಿ ಕೊನೆಗೆ ಇಡುತ್ತಾರೆ. ಮೊದಲೆರಡರಲ್ಲಿ ಯಾವುದನ್ನು ಆರಿಸಿದರೂ ಇದು ಮೊದಲ ದಿನದಿಂದಲೇ ಜೊತೆಯಲ್ಲಿರಬೇಕು.

ಕಾಲಿನ ಕಪ್ಪು ಮಚ್ಚೆ ಮತ್ತು ಟಿ-ವೆಕ್

ಟಿ-ವೆಕ್‌ಗೆ ಒಳ್ಳೆಯ ಪುರಾವೆ ಇರುವುದು ಮೆಲನೋಮಾದಲ್ಲಿ, ಅದು ನಮ್ಮ ಜನರಲ್ಲಿ ಅಪರೂಪ. ಬಂದರೆ ಹೆಚ್ಚಾಗಿ ಅಂಗಾಲಿನಲ್ಲಿ, ಉಗುರಿನ ಕೆಳಗೆ. ಹೊಲದಲ್ಲಿ ಬರಿಗಾಲಲ್ಲಿ ನಡೆಯುವವರು ಮುಳ್ಳು ಚುಚ್ಚಿದ ಕಲೆ ಎಂದು ಬಿಟ್ಟಿರುತ್ತಾರೆ. ಬೆಳೆಯುವ, ಅಂಚು ಒರಟಾದ, ರಕ್ತ ಸೋರುವ ಕಪ್ಪು ಮಚ್ಚೆಯನ್ನು ಸುಡಿಸಬೇಡಿ. ತೆಗೆಸಿ ಪರೀಕ್ಷೆಗೆ ಕಳಿಸಿ.

436 ರೋಗಿಗಳ ಪ್ರಯೋಗದಲ್ಲಿ ಆರು ತಿಂಗಳಿಗಿಂತ ಹೆಚ್ಚು ನಿಂತ ಫಲ ಟಿ-ವೆಕ್ ಪಡೆದವರಲ್ಲಿ ಶೇ 16.3, ಹೋಲಿಕೆಯ ಗುಂಪಿನಲ್ಲಿ ಶೇ 2.1. ಆಯಸ್ಸಿನ ನಡುಬಿಂದು (ಅರ್ಧದಷ್ಟು ಜನ ಬದುಕಿದ್ದ ಅವಧಿ) 23.3 ತಿಂಗಳು ಮತ್ತು 18.9 ತಿಂಗಳು. ಚುಚ್ಚಿದ ಗಡ್ಡೆಗಳಲ್ಲಿ ಶೇ 64 ಅರ್ಧಕ್ಕಿಂತ ಹೆಚ್ಚು ಕುಗ್ಗಿದವು. ಚುಚ್ಚದ ಚರ್ಮ-ಗ್ರಂಥಿಗಳ ಗಡ್ಡೆಗಳಲ್ಲಿ ಶೇ 34. ಶ್ವಾಸಕೋಶ, ಲಿವರಿನಂಥ ಒಳ ಅಂಗಗಳಲ್ಲಿ ಶೇ 15. ಈ ಮೂರು ಅಂಕಿಗಳೇ ಆಯ್ಕೆಯನ್ನು ತೀರ್ಮಾನಿಸಬೇಕು. ರೋಗ ಇನ್ನೂ ಚರ್ಮ ಮತ್ತು ಗ್ರಂಥಿಗಳಲ್ಲೇ ಇದ್ದರೆ ವೈರಸ್‌ಗೆ ಅರ್ಥವಿದೆ, ಒಳ ಅಂಗಗಳಿಗೆ ಹೋಗಿದ್ದರೆ ಇಮ್ಯುನೊಥೆರಪಿಯೇ ಮೊದಲು. ಎರಡನ್ನೂ ಸೇರಿಸಿದರೆ ದುಪ್ಪಟ್ಟು ಲಾಭ ಎಂಬ ಆಸೆಯಿಂದ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಮದ್ದಿನ ಜೊತೆ ದೊಡ್ಡ ಪ್ರಯೋಗ ನಡೆಯಿತು. ಆಯಸ್ಸಿನಲ್ಲಿ ಲಾಭ ಕಾಣಲಿಲ್ಲ.

ಕೊಡುವ ಕ್ರಮ ಹೀಗೆ. ಮೊದಲ ಸಲ ಪ್ರತಿ ಮಿ.ಲೀ.ಗೆ 10 ಲಕ್ಷ ವೈರಸ್ ಇರುವ ತೆಳು ದ್ರಾವಣ, ಮೈಗೆ ಪರಿಚಯ ಮಾಡಿಸಲು. ಮೂರು ವಾರ ಬಿಟ್ಟು ಪ್ರತಿ ಮಿ.ಲೀ.ಗೆ 10 ಕೋಟಿ ಇರುವುದು, ಆಮೇಲೆ ಎರಡು ವಾರಕ್ಕೊಮ್ಮೆ, ಕನಿಷ್ಠ ಆರು ತಿಂಗಳು. ಒಂದು ಸಲಕ್ಕೆ ಎಲ್ಲ ಗಡ್ಡೆ ಸೇರಿ 4 ಮಿ.ಲೀ. ಮೀರುವಂತಿಲ್ಲ. 5 ಸೆಂ.ಮೀ.ಗಿಂತ ದೊಡ್ಡ ಗಡ್ಡೆಗೆ 4 ಮಿ.ಲೀ.ವರೆಗೆ, 2.5ರಿಂದ 5ರದ್ದಕ್ಕೆ 2, 1.5ರಿಂದ 2.5ರದ್ದಕ್ಕೆ 1, ಅದಕ್ಕೂ ಚಿಕ್ಕದಕ್ಕೆ 0.5, ಅರ್ಧ ಸೆಂ.ಮೀ.ಗಿಂತ ಚಿಕ್ಕದಕ್ಕೆ 0.1 ಮಿ.ಲೀ. ಮೊದಲ ಎರಡು ದಿನ ಚಳಿಜ್ವರ, ಮೈಕೈ ನೋವು ಸಾಮಾನ್ಯ. ಗಡ್ಡೆ ಮೊದಲು ಊದಿಕೊಂಡು ಆಮೇಲೆ ಇಳಿಯುವುದೂ ಉಂಟು. ಮೊದಲ ಸ್ಕ್ಯಾನ್‌ನಲ್ಲೇ "ಬೆಳೆದಿದೆ" ಎಂದು ಬಿಟ್ಟವರು ಫಲ ಬರುವ ಮೊದಲೇ ಬಿಟ್ಟಂತಾಗುತ್ತದೆ. ಆದರೆ ಈ ಊತವನ್ನೇ ನೆಪ ಮಾಡಿಕೊಂಡು ತಿಂಗಳುಗಟ್ಟಲೆ ದುಡ್ಡು ಕೀಳುವವರೂ ಇರುತ್ತಾರೆ. ಎರಡನೇ ಸ್ಕ್ಯಾನ್ ಯಾವ ದಿನ, ಎಷ್ಟು ಬೆಳೆದಿದ್ದರೆ ನಿಲ್ಲಿಸುತ್ತೀರಿ ಎಂದು ಶುರುವಿನಲ್ಲೇ ಬರೆಸಿಕೊಳ್ಳಿ.

ಬೆಲೆ: ಬಿಡುಗಡೆಯ ವೇಳೆ ಕಂಪನಿಯೇ ಕೊಟ್ಟ ಅಂದಾಜು ಒಂದು ಕೋರ್ಸಿಗೆ 65,000 ಡಾಲರ್. ರೂಪಾಯಿಗೆ ತಂದರೆ ಅರ್ಧ ಕೋಟಿ ದಾಟುತ್ತದೆ.

ಶೀತಲ ಸರಪಳಿಯ ಕಷ್ಟ ಬೇರೆ. ಶೀಷೆ ಮೈನಸ್ 70ರಿಂದ ಮೈನಸ್ 90 ಡಿಗ್ರಿಯಲ್ಲಿ ಇರಬೇಕು. ಅಂಗಡಿಯ ಡೀಪ್ ಫ್ರೀಜರ್ ಮೈನಸ್ 20ರ ಆಸುಪಾಸಿಗೆ ನಿಲ್ಲುತ್ತದೆ, ಅದು ಸಾಲದು; ಡ್ರೈ ಐಸ್ ಬೇಕು, ಅದು ಮೈನಸ್ 78. ಕೊಡುವ ಮುಂಚೆ 20ರಿಂದ 25 ಡಿಗ್ರಿಯಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆಯಷ್ಟು ಇಟ್ಟು ಕರಗಿಸಬೇಕು, ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಎಸಿ ಇಲ್ಲದ ಕೋಣೆಯನ್ನು ಆ ಲೆಕ್ಕಕ್ಕೆ ಹಿಡಿಯಲಾಗದು. ವೈರಸ್ ಸತ್ತಿದ್ದರೂ ದ್ರಾವಣ ಕಣ್ಣಿಗೆ ಹಾಗೇ ಕಾಣುತ್ತದೆ. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಟ್ಟು "ವಿದೇಶದಿಂದ ತರಿಸಿದ್ದು" ಎಂದು ತೋರಿಸಿದರೆ, ದಾರಿಯುದ್ದಕ್ಕೂ ತಾಪಮಾನ ದಾಖಲಿಸಿದ ಚೀಟಿ ಕೇಳಿ. ಅದಿಲ್ಲದ ಶೀಷೆಗೆ ಬೆಲೆ ಇಲ್ಲ.

ಮಿದುಳು ಮತ್ತು ಮೂತ್ರಚೀಲ

ಗ್ಲಯೋಬ್ಲಾಸ್ಟೋಮಾ ಎಂಬ ಮಿದುಳಿನ ಉಗ್ರ ಗಡ್ಡೆಗೆ ಈಗಿನ ಪಕ್ಕಾ ದಾರಿ ಸಾಧ್ಯವಾದಷ್ಟು ಆಪರೇಷನ್, 30 ಸಿಟ್ಟಿಂಗ್‌ನಲ್ಲಿ 60 ಗ್ರೇ ಕರೆಂಟ್, ಜೊತೆಗೆ ಟೆಮೊಜೊಲೊಮೈಡ್ ಮಾತ್ರೆ. 2005ರ ಪ್ರಯೋಗದಲ್ಲಿ ಮಾತ್ರೆ ಸೇರಿಸಿದ್ದರಿಂದ ಎರಡು ವರ್ಷ ಬದುಕಿದವರು ಶೇ 10.4ರಿಂದ 26.5ಕ್ಕೆ ಏರಿದರು. ಜಪಾನಿನ ಡೆಲಿಟ್ಯಾಕ್ಟ್, ಟೋಕಿಯೊ ವಿಶ್ವವಿದ್ಯಾಲಯದ ತೊಮೊಕಿ ತೊಡೊ ತಂಡದ್ದು. ಮಿದುಳಿನ ಗಡ್ಡೆಗೆ ಒಂದು ಸಲಕ್ಕೆ 100 ಕೋಟಿ ವೈರಸ್ಸಿನಂತೆ ಆರು ಸಲದವರೆಗೆ ಚುಚ್ಚುತ್ತಾರೆ. ಒಂದು ವರ್ಷ ಬದುಕಿದವರು ಶೇ 84.2 ಎಂದಾಗ ಮನಸ್ಸು ಹಿಗ್ಗುತ್ತದೆ, ಆದರೆ ಪ್ರಯೋಗದಲ್ಲಿ ಇದ್ದದ್ದು 19 ಜನ, ಹೋಲಿಕೆಯ ಗುಂಪು ಇರಲಿಲ್ಲ. ಆರು ಸಲ ತಲೆಬುರುಡೆಗೆ ರಂಧ್ರ ಮಾಡಿ ಚುಚ್ಚಿಸಿಕೊಳ್ಳುವಷ್ಟು ಗಟ್ಟಿ ಇದ್ದವರನ್ನೇ ಆರಿಸಿದ್ದರು ಎಂಬುದೂ ನೆನಪಿರಲಿ. ಇದೇ ರೋಗಕ್ಕೆ ಟೋಕಾ 511 ಎಂಬ ಇನ್ನೊಂದು ವೈರಸ್ ಮೊದಮೊದಲು ಭಾರಿ ಭರವಸೆ ಹುಟ್ಟಿಸಿ, 2019ರಲ್ಲಿ ಮೂರನೇ ಹಂತದಲ್ಲಿ ಸೋತಿತು. ಲಿವರ್ ಕ್ಯಾನ್ಸರ್‌ನ ಪೆಕ್ಸಾ-ವೆಕ್ ಕೂಡ ಅದೇ ವರ್ಷ ಹಾಗೇ ನಿಂತಿತು. ಸಣ್ಣ ಪ್ರಯೋಗದ ಅಂಕಿಯನ್ನು ನಾವು ಬಿಗಿಹಿಡಿದು ಓದುವುದು ಇದಕ್ಕೇ.

ಮೂತ್ರಚೀಲದ ಒಳಪದರದಲ್ಲೇ ಇರುವ ಕ್ಯಾನ್ಸರ್‌ಗೆ ವೈರಸ್ ಹುಡುಕುವ ಮುಂಚೆ ಬಿಸಿಜಿ ಮುಗಿಸಿ. ಮಗುವಿನ ತೋಳಿಗೆ ಹಾಕುವ ಲಸಿಕೆಯದೇ ಬ್ಯಾಕ್ಟೀರಿಯಾ, ಪ್ರಮಾಣ ಬಹಳ ಹೆಚ್ಚು. ವಾರಕ್ಕೊಮ್ಮೆ ಆರು ವಾರ ನಳಿಗೆಯ ಮೂಲಕ ಒಳಗೆ ಬಿಟ್ಟು, ಎರಡು ಗಂಟೆ ಮೂತ್ರ ತಡೆದಿಡಬೇಕು. ಮೂತ್ರದಲ್ಲಿ ರಕ್ತ ಕಂಡರೆ, ಅಥವಾ ಗಡ್ಡೆ ಕೆರೆದು ತೆಗೆದು ಎರಡು ವಾರ ಆಗಿಲ್ಲದಿದ್ದರೆ ಕೊಡಿಸಬೇಡಿ; ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತದೆ. ಕೊಟ್ಟ ದಿನ ಆರು ಗಂಟೆಗಳವರೆಗೆ ಮೂತ್ರಕ್ಕೆ ಬ್ಲೀಚ್ ಸುರಿದು, 15 ನಿಮಿಷ ಬಿಟ್ಟು ನೀರು ಹಾಕಿ. ಬಿಸಿಜಿ ಕೈಕೊಟ್ಟವರಿಗೇ ಆಡ್‌ಸ್ಟಿಲಾಡ್ರಿನ್ ಇರುವುದು: ಮೂರು ತಿಂಗಳಿಗೊಮ್ಮೆ 75 ಮಿ.ಲೀ. ಪ್ರಯೋಗದಲ್ಲಿ ಶೇ 51 ಜನರಲ್ಲಿ ಗಡ್ಡೆ ಕಾಣದಂತಾಯಿತು.

ಗರ್ಭಕಂಠದ ಕ್ಯಾನ್ಸರ್‌ಗೆ, ಸ್ತನ ಕ್ಯಾನ್ಸರ್‌ಗೆ ಅನುಮತಿ ಪಡೆದ ವೈರಸ್ ಎಲ್ಲೂ ಇಲ್ಲ. ಕ್ರೊಯೇಷಿಯಾದ ವೈರಾಣು ವಿಜ್ಞಾನಿ ಬೆಯಾಟಾ ಹಲಾಸಿ ತಮ್ಮ ಸ್ತನದ ಗಡ್ಡೆಗೆ ತಾವೇ ಬೆಳೆಸಿದ ವೈರಸ್ ಚುಚ್ಚಿಸಿಕೊಂಡ ಸುದ್ದಿ 2024ರಲ್ಲಿ ಎಲ್ಲೆಡೆ ಹರಿದಾಡಿತು. ಗಡ್ಡೆ ಕುಗ್ಗಿದ ಮೇಲೆ ಅವರು ಆಪರೇಷನ್ ಮಾಡಿಸಿಕೊಂಡರು, ಒಂದು ವರ್ಷ ಟ್ರಾಸ್ಟುಜುಮ್ಯಾಬ್ ಎಂಬ ಸ್ತನ ಕ್ಯಾನ್ಸರಿನ ಮದ್ದು ತೆಗೆದುಕೊಂಡರು. ಈ ಎರಡನ್ನೂ ಬಿಟ್ಟು ಸುದ್ದಿ ಹೇಳುವವರೇ ಹೆಚ್ಚು. ಕೋಳಿಗಳ ಕೊಕ್ಕರೆ ರೋಗದ ವೈರಸ್ ಮೇಲೂ ಸಂಶೋಧನೆ ನಡೆದಿದೆ. ಹಾಗಂತ ಪಶು ಔಷಧಿ ಅಂಗಡಿಯ ಲಸಿಕೆಯನ್ನು ಮನುಷ್ಯರ ಗಡ್ಡೆಗೆ ಚುಚ್ಚುವುದು ಕೀವು, ರಕ್ತನಂಜಿಗೆ ದಾರಿ.

ಪ್ರಯೋಗ, ಆಮದು, ಖಾಸಗಿ ಕ್ಲಿನಿಕ್: ಯಾವ ಬಾಗಿಲು

ಪ್ರಯೋಗವೇ ಮೊದಲ ಬಾಗಿಲು. ಭಾರತದಲ್ಲಿ 2009ರ ಜೂನ್ 15ರಿಂದ ಪ್ರತಿ ಔಷಧಿ ಪ್ರಯೋಗವೂ ಸಿಟಿಆರ್‌ಐ ನೋಂದಣಿಯಲ್ಲಿ ದಾಖಲಾಗಬೇಕು. ಅದರ ತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ನೋಂದಣಿ ಸಂಖ್ಯೆ "ಸಿಟಿಆರ್‌ಐ" ಅಕ್ಷರಗಳಿಂದ ಶುರುವಾಗಿ ವರ್ಷ, ತಿಂಗಳು, ಅಂಕಿಗಳಿರುತ್ತವೆ. ಕ್ಲಿನಿಕ್ ಹೇಳಿದ ಸಂಖ್ಯೆಯನ್ನು ತಾಣದಲ್ಲಿ ನೀವೇ ಹಾಕಿ ನೋಡಿ. ಆಸ್ಪತ್ರೆಯ ಹೆಸರು, ರೋಗದ ಹೆಸರು, "ರೋಗಿಗಳನ್ನು ಸೇರಿಸಿಕೊಳ್ಳುತ್ತಿದೆ" ಎಂಬ ಸ್ಥಿತಿ, ಮೂರೂ ಹೊಂದಬೇಕು. ಮೊದಲ ಹಂತದ ಪ್ರಯೋಗ ನೋಡುವುದು ಎಷ್ಟು ಪ್ರಮಾಣ ಮೈ ತಡೆಯುತ್ತದೆ ಎಂಬುದನ್ನು. ಗುಣದ ಭರವಸೆ ಅಲ್ಲಿ ಯಾರೂ ಕೊಡುವಂತಿಲ್ಲ. ಪ್ರಯೋಗದ ಔಷಧಿಗೆ ದುಡ್ಡು ಕೇಳಿದರೆ ಎದ್ದು ಬನ್ನಿ. 2019ರ ಹೊಸ ಔಷಧಿ ಮತ್ತು ಪ್ರಯೋಗ ನಿಯಮಗಳ ಪ್ರಕಾರ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಸಿಗಬೇಕು. ಒಪ್ಪಿಗೆ ಪತ್ರ ನಿಮಗೆ ಓದಲು ಬರುವ ಭಾಷೆಯಲ್ಲಿ ಇರಬೇಕು. ಹೈದರಾಬಾದಿಗೆ ಹೋದ ರಾಯಚೂರಿನವರು ತೆಲುಗು ಮಾತಾಡಬಲ್ಲೆವು ಎಂದು ತೆಲುಗು ಪತ್ರಕ್ಕೆ ಸಹಿ ಹಾಕಿಬಿಡುತ್ತಾರೆ. ಮಾತು ಬಂದರೂ ಓದಲು ಬಾರದಿದ್ದರೆ ಕನ್ನಡದ್ದೇ ಕೇಳಿ, ಒಂದು ಪ್ರತಿ ಮನೆಗೆ ತನ್ನಿ.

ಆಮದು ಎರಡನೇ ಬಾಗಿಲು. ಸ್ವಂತ ಬಳಕೆಗೆ ರೋಗಿಯೇ ನಮೂನೆ 12ಎ ಯಲ್ಲಿ ಅರ್ಜಿ ಹಾಕಿ 12ಬಿ ಪರವಾನಗಿ ಪಡೆಯಬಹುದು, ವೈದ್ಯರ ಚೀಟಿ ಬೇಕು. ಇನ್ನೂ ಒಪ್ಪಿಗೆ ಸಿಗದ ಹೊಸ ಔಷಧಿಯನ್ನು ಆಸ್ಪತ್ರೆಯೇ ತರಿಸುವುದಾದರೆ ಸಿಟಿ-24 ಅರ್ಜಿ, ಸಿಟಿ-25 ಪರವಾನಗಿ. ಕಾಗದದಲ್ಲಿ ದಾರಿ ಇದೆ ನಿಜ. ಆದರೆ ಮೈನಸ್ 70ರ ಫ್ರೀಜರ್, ಚುಚ್ಚುವುದರಲ್ಲಿ ಪಳಗಿದ ವೈದ್ಯರು, ಅರ್ಧ ಕೋಟಿ ರೂಪಾಯಿ, ಮೂರೂ ಒಟ್ಟಿಗೆ ಇರುವ ಮನೆ ಅಪರೂಪ. ಹೊಲ ಮಾರಿ ಈ ದಾರಿ ಹಿಡಿಯಬೇಡಿ ಎಂದು ಕೈಮುಗಿದು ಹೇಳುತ್ತೇವೆ.

ಮೂರನೆಯದು, ಪರವಾನಗಿಯ ಮಾತೇ ಆಡದೆ ಪ್ಯಾಕೇಜ್ ಹೇಳುವ ಕ್ಲಿನಿಕ್. ಆ ಬಾಗಿಲು ಬೇಡ.

ಹೊರಡುವ ಮುನ್ನ ಕೈಯಲ್ಲಿ ಇರಬೇಕಾದ್ದು

ಬಯಾಪ್ಸಿ ವರದಿಯಷ್ಟೇ ಸಾಲದು, ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕನ್ನೂ ಕೇಳಿ ತೆಗೆದುಕೊಳ್ಳಿ. ಬ್ಲಾಕ್ ಇಲ್ಲದೆ ಹೋದರೆ ಮತ್ತೆ ತುಣುಕು ತೆಗೆಯಬೇಕಾಗುತ್ತದೆ. ಬೇಸಿಗೆಯಲ್ಲಿ ಅದನ್ನು ಬಸ್ಸಿನ ಕಿಟಕಿ ಬಿಸಿಲಿಗೆ ಇಡಬೇಡಿ, ಮೇಣ ಮೆತ್ತಗಾಗುತ್ತದೆ. ಸ್ಕ್ಯಾನಿನ ಫಿಲ್ಮ್ ಜೊತೆ ಸಿಡಿ ಇರಲಿ. ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಇಲ್ಲೇ ಮಾಡಿಸಿಕೊಳ್ಳಿ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಜೀವಂತ ವೈರಸ್ ಕೊಡುವಂತಿಲ್ಲ. ಇದೇ ಕಾರಣಕ್ಕೆ ಕೀಲು ನೋವಿಗೆಂದು ಊರಿನ ಆರ್‌ಎಂಪಿ ಕೊಟ್ಟ ಗುಳಿಗೆ, ಇಂಜೆಕ್ಷನ್‌ಗಳ ಖಾಲಿ ಪಟ್ಟಿಗಳನ್ನೂ ಒಯ್ಯಿರಿ. ಅವುಗಳಲ್ಲಿ ಬಹಳ ಸಲ ಸ್ಟೀರಾಯ್ಡ್ ಇರುತ್ತದೆ, ರೋಗಿಗೆ ಗೊತ್ತೇ ಇರುವುದಿಲ್ಲ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಆಪರೇಷನ್, ಕರೆಂಟ್, ಕೀಮೊ ಇದರಲ್ಲಿ ಬರುತ್ತವೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲು. ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರನ್ನು ಕಂಡು ಪ್ಯಾಕೇಜ್ ಹೆಸರು ಕೇಳಿ ಬರೆದುಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಲಬುರಗಿಯಲ್ಲೂ ಕೇಂದ್ರವಿದೆ, ರಾಯಚೂರಿನವರಿಗೆ ಅದು ಹತ್ತಿರ. ಕೊಪ್ಪಳದವರಿಗೆ ಹುಬ್ಬಳ್ಳಿಯ ಆಸ್ಪತ್ರೆಗಳು ಹತ್ತಿರ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ ಶೇ 75. ಆಸ್ಪತ್ರೆಯ ಪ್ರಮಾಣಪತ್ರದ ನಮೂನೆಯನ್ನು ಮೊದಲ ಭೇಟಿಯಲ್ಲೇ ತುಂಬಿಸಿಕೊಳ್ಳಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಬಸ್ಸು ರಾಜ್ಯದೊಳಗೆ ಮಾತ್ರ, ಹೈದರಾಬಾದಿಗೆ ನಡೆಯುವುದಿಲ್ಲ.

ಪ್ರಯೋಗದಲ್ಲಿ ಹರ್ಪಿಸ್ ಜಾತಿಯ ವೈರಸ್ ಚುಚ್ಚಿಸಿಕೊಂಡು ಮನೆಗೆ ಬಂದವರಿದ್ದರೆ: ಚುಚ್ಚಿದ ಜಾಗಕ್ಕೆ ಗಾಳಿ-ನೀರು ಹೋಗದ ಡ್ರೆಸ್ಸಿಂಗ್ ಕನಿಷ್ಠ ಒಂದು ವಾರ ಇರಬೇಕು. ಬದಲಿಸುವವರು ಕೈಗವಸು ಹಾಕಿ, ಹಳೆಯ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಬಿಸಾಡಿ. ಬಸುರಿ ಹೆಂಗಸರು ಆ ಡ್ರೆಸ್ಸಿಂಗ್ ಮುಟ್ಟಬಾರದು, ಹಸುಗೂಸನ್ನು ಹತ್ತಿರ ತರಬಾರದು. ಮನೆಯ ಯಾರ ಕೈಗಾದರೂ, ಕಣ್ಣಿಗಾದರೂ ಗುಳ್ಳೆ ಎದ್ದರೆ ತಡ ಮಾಡದೆ ವೈದ್ಯರಿಗೆ ತಿಳಿಸಿ. ಅಸೈಕ್ಲೊವಿರ್ ಆ ವೈರಸ್ಸನ್ನು ಹತ್ತಿಕ್ಕುತ್ತದೆ. ಆದರೆ ರೋಗಿಗೆ ಅದನ್ನು ನೀವಾಗಿಯೇ ಕೊಡಬೇಡಿ, ಗಡ್ಡೆಯಲ್ಲಿ ಕೆಲಸ ಮಾಡುತ್ತಿರುವ ವೈರಸ್ಸನ್ನೂ ಅದು ಕೊಲ್ಲುತ್ತದೆ.